ಬುಡ ಆರದ ಟೊಮ್ಯಾಟೊ ಗಿಡ

ಹೋದ ತಿಂಗಳು ಖಾಲಾನ ಮೊಮ್ಮಗಳ ಮದುವೆಗೆಂದು ಶಹಾಪುರಕ್ಕೆ ಹೋಗಿದ್ದೆ. ನಾವು ಅಲ್ಲಿ ಬಾಡಿಗೆಗಿದ್ದಾಗ ಖಾಲಾ ಪಕ್ಕದ ಮನೆಯವರು. ಹೆಸರು ಮೆಹರುನ್ನಿಸಾ, ಆದರೆ ಓಣಿಯ ಸಣ್ಣವರು ದೊಡ್ಡವರು ಎಲ್ಲರಿಗೂ ಖಾಲಾ, ಚಿಕ್ಕಮ್ಮ. ನನಗೆಂದು ಬೇರೆ ಒಲೆಯ ಮೇಲೆ ಮಾಡಿಸಿದ್ದ ಪಲ್ಯ, ಅನ್ನ ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದೆ. ಗೋಡೆಯ ಮಗ್ಗುಲಲ್ಲಿ ಸೆರಗು ಏನಕ್ಕೋ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಕೈ ಹಾಕಿದ್ದೇ ತಡ, ಬೆರಳಿಗೆ ಆ ವಾಸನೆ ಹತ್ತಿತು. ಟೊಮ್ಯಾಟೊ ಎಲೆಯ ವಾಸನೆ. ಹಣ್ಣಿನದಲ್ಲ, ಎಲೆಯದು. ಹಸಿರು ಹಸಿರು, ಒಗರು ಒಗರು, ಒಮ್ಮೆ ಹತ್ತಿದರೆ ಸಾಬೂನಿಗೂ ಜಗ್ಗುವುದಿಲ್ಲ.

ಯಾದಗಿರಿಗೆ ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮತ್ತೆ ಮತ್ತೆ ಬೆರಳು ಮೂಸಿಕೊಂಡೆ. ಪಕ್ಕದಲ್ಲಿದ್ದ ಹೆಣ್ಣುಮಗಳು ನೋಡುವಷ್ಟು ನೋಡಿ, "ಮದುವಿ ಊಟ ಭಾರಿ ಆಗಿತ್ತೇನ್ರಿ?" ಎಂದಳು.

"ಹೌದ್ರಿ," ಎಂದೆ. ಆ ವರ್ಷದ ಟೊಮ್ಯಾಟೊ ಗಿಡಗಳ ಸಂಗತಿ ನನಗೇ ಇನ್ನೂ ಪೂರ್ತಿ ತಿಳಿದಿಲ್ಲ. ಅವಳಿಗೆ ಏನೆಂದು ಹೇಳಲಿ?

ಆ ವರ್ಷ ಮಳೆಗಾಲದಲ್ಲಿ ನಮ್ಮ ಅತ್ತೆ ಶಾಂತವ್ವನಿಗೆ ಡೆಂಗಿ ಬಂದಿತ್ತು. ಜ್ವರವೇನೋ ಹೋಯಿತು. ಆದರೆ ಹೋಗುವಾಗ ಬಾಯಿಯ ರುಚಿಯನ್ನೂ ಕಾಲಿನ ಬಲವನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮೊದಲೆಲ್ಲ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು, ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟರೂ ಎರಡು ತುತ್ತು. ಅವರಿಗೆ ಜೀವದಂತಿದ್ದ ಪುಂಡಿಪಲ್ಯ ಮಾಡಿ ಒಯ್ದರೆ ಒಂದು ಸಲ ನಾಲಿಗೆಗೆ ಹಚ್ಚಿ ತಾಟು ಸರಿಸಿದರು.

"ಮಣ್ಣ್ ತಿಂದಂಗ ಆಗ್ತದವ್ವ, ಮಾದೇವಿ. ನಿನ್ನ ಕೈಯಂದಲ್ಲ ತಪ್ಪು, ನನ್ನ ನಾಲಿಗೀದು."

ಡಾಕ್ಟರು ಬಾಯಿಬಿಟ್ಟು ಹೇಳಿದ್ದರು: "ಔಷಧದ ಕೆಲಸ ಮುಗೀತ್ರಿ. ಇನ್ನ ಉಣಸ್ರಿ, ನಡಸ್ರಿ. ಎರಡೂ ಆಗಲಿಲ್ಲಂದ್ರ ಹಾಸಿಗಿ ಹಿಡೀತಾರ. ಹಿಡದ್ರ ಏಳಂಗಿಲ್ಲ."

ಉಣ್ಣಿಸುವುದು ಹೇಗೆ? ನಡೆಸುವುದು ಹೇಗೆ? ಹೊಟ್ಟೆಗಿಲ್ಲದವರನ್ನು ನಡೆಸಿದರೆ ಬೀಳುತ್ತಾರೆ. ನಡೆಯದವರಿಗೆ ಹಸಿವಾಗುವುದಿಲ್ಲ. ನಾನು ಇದರ ಸುತ್ತ ಗಾಣದ ಎತ್ತಿನಂತೆ ಸುತ್ತುತ್ತಿದ್ದೆ.

ಒಂದು ಮಧ್ಯಾಹ್ನ ಅವರಾಗಿಯೇ ಬಾಯಿ ತೆರೆದರು. "ನಮ್ಮ ಕೊಂಕಲ್ ಮನಿ ಹಿತ್ತಲದಾಗ ಟೊಮ್ಯಾಟಿ ಇದ್ವು ನೋಡು. ಕುಂಬಳಕಾಯಿ ಹಂಗ ಗೆರಿ ಗೆರಿ. ಕಡದ್ರ ಒಂದ್ ಕಣ್ಣು ತಾನೇ ಮುಚ್ಚತಿತ್ತು. ಅದರ ಹಿಂಡಿ ಇದ್ರ ಅರ್ಧ ರೊಟ್ಟಿ ತಿಂತಿದ್ದೆನೇನೋ."

ಹಸಿಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ ಹಾಕಿ ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟುವ ಹಿಂಡಿ. ಸಂತೆಯ ಟೊಮ್ಯಾಟೊ ತಂದು ಮಾಡಿದೆ. ಉದ್ದಕ್ಕೆ, ಗಟ್ಟಿಗೆ, ಮೇಲಿಂದ ಬಿದ್ದರೆ ಪುಟಿಯುವಂಥ ಹಣ್ಣು. ಅತ್ತೆ ಬೆರಳಿಗೆ ಹಚ್ಚಿಕೊಂಡು ನೋಡಿ, "ಇದಕ್ಕ ಟೊಮ್ಯಾಟಿ ಅಂತ ಹೆಸರಿಟ್ಟಾರೇನು?" ಎಂದು ಮತ್ತೆ ಗೋಡೆಗೆ ತಿರುಗಿದರು.

ನಮ್ಮ ಮನೆಯವರು ಅತ್ತೆಯ ತವರು ಕೊಂಕಲ್ಲಿಗೇ ಹೋಗಿ ಬಂದರು. ಸೋದರಮಾವನ ಮನೆಯ ಹಿತ್ತಲಲ್ಲಿ ಈಗ ಟ್ರ್ಯಾಕ್ಟರ್ ನಿಲ್ಲುತ್ತದಂತೆ, ಟೊಮ್ಯಾಟೊ ಬೆಳೆಯುವುದನ್ನು ಯಾವಾಗಲೋ ಬಿಟ್ಟಿದ್ದರಂತೆ. ಆದರೆ ಆ ಮಾವನ ಹೆಂಡತಿ ಜಂತಿಯ ಸಂದಿಯಿಂದ ಹಳೇ ಸೀರೆಯ ತುಂಡೊಂದನ್ನು ಹುಡುಕಿ ತೆಗೆದು ಕೊಟ್ಟಿದ್ದರು. ಹಣ್ಣು ಹಿಂಡಿ, ಬೀಜಕ್ಕೆ ಒಲೆಯ ಬೂದಿ ಸವರಿ, ಬಟ್ಟೆಗೆ ಅಂಟಿಸಿ ಒಣಗಿಸಿಡುವುದು ಅವರ ಕಡೆಯ ಪದ್ಧತಿ. ಬೂದಿ ಬಣ್ಣದ ಆ ಬಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಬೀಜ ಕಂಡೂ ಕಾಣದಂತೆ ಕೂತಿತ್ತು. "ಇದ ಕಡೀದು ಅಂತ," ಎಂದು ಇವರು ಅದನ್ನು ನನ್ನ ಕೈಗಿಟ್ಟರು. ಅವು ಟೊಮ್ಯಾಟೊ ಬೀಜವೇ, ಬದನೆಯವೇ, ಅದೂ ಖಾತ್ರಿಯಿರಲಿಲ್ಲ. ನೋಡಲಿಕ್ಕೆ ಎರಡೂ ಒಂದೇ ತರಹ.

ನವರಾತ್ರಿಯ ಘಟ ಕೂರಿಸುವ ದಿನ ಬಟ್ಟೆ ಸಮೇತ ನೆನೆಹಾಕಿ, ಒಡೆದ ಬುಟ್ಟಿಯಲ್ಲಿ ಮಣ್ಣು ತುಂಬಿ ಉದುರಿಸಿದೆ. ಘಟದ ಜೋಳ ಎದ್ದು ಬಗ್ಗಿ ತೂಗಾಡಿದರೂ ಬುಟ್ಟಿ ಬರಡಾಗಿಯೇ ಇತ್ತು. ಸಾಕು ಬಿಡು ಎಂದು ಬುಟ್ಟಿ ಬರಿದು ಮಾಡಲು ಹೋದ ದಿನವೇ ಮೊಳಕೆ ಕಂಡಿತು. ಎಲೆ ತಿಕ್ಕಿ ಮೂಸಿದೆ. ಟೊಮ್ಯಾಟೊ! ಕೆಲವು ಬುಡದಲ್ಲೇ ಕೊಳೆತು ಮಲಗಿದವು, ಒಂದನ್ನು ಕೋಳಿ ಕುಕ್ಕಿತು. ಕೊನೆಗೆ ಉಳಿದದ್ದು ಮೂರು.

ಮನೆಯ ಹಿತ್ತಲಿಗೆಲ್ಲ ಫರ್ಸಿ ಕಲ್ಲು ಹಾಸಿತ್ತು. ಖಾಲಾನ ಮನೆಗೂ ನಮಗೂ ನಡುವಿನ ಗಿಡ್ಡ ಗೋಡೆಯ ಬುಡದಲ್ಲಿ ಮಾತ್ರ ಒಂದು ಪಟ್ಟಿ ಎರೆಮಣ್ಣು ಉಳಿದಿತ್ತು. ಅಲ್ಲಿಯೇ ಮೂರನ್ನೂ ನೆಟ್ಟೆ. ಪಟ್ಟಿಯ ಆ ತುದಿಗೆ, ನಮ್ಮ ಬಚ್ಚಲಿನಾಚೆ, ಒಂದು ಕರಿಬೇವಿನ ಗಿಡ. ಈ ತುದಿಗೆ, ಅತ್ತೆಯ ಹೊರಸಿನಿಂದ ಬಾಗಿಲಲ್ಲಿ ಕಾಣುವಂತೆ, ಟೊಮ್ಯಾಟೊ. ಅತ್ತೆ ಗೋಡೆಯ ಕಡೆಯಿಂದ ಬಾಗಿಲಿನ ಕಡೆಗೆ ಹೊರಳಿ ಮಲಗತೊಡಗಿದರು. ಅಷ್ಟೇ ನನಗೆ ದೊಡ್ಡದಾಗಿ ಕಂಡಿತು.

ಶಹಾಪುರದ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು ಸಂಜೆಗೆ ಊರ ಮೇಲೆ ಬಿಸಿ ಉಸಿರು ಬಿಡುತ್ತವೆ. ಆ ವರ್ಷ ದೀಪಾವಳಿ ಬಂದರೂ ಥಂಡಿಯ ಸುಳಿವಿರಲಿಲ್ಲ. ನಳ ಬರುವುದು ದಿನ ಬಿಟ್ಟು ದಿನವೂ ಅಲ್ಲ, ಅದರ ಮನಸ್ಸಿಗೆ ಬಂದಾಗ. ಹೀಗಾಗಿ ನಾನು ಲೆಕ್ಕ ಹಿಡಿದೆ. ಬೆಳಗಿನಲ್ಲಿ ಗಿಡಕ್ಕೊಂದು ತಂಬಿಗೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಗಿಡಗಳು ಮೊಣಕಾಲೆತ್ತರ ಬಂದವು, ಹಳದಿ ಹೂ ಬಿಟ್ಟವು, ಕಾಯಿ ಕಚ್ಚಿದವು. ಕಾಯಿಗೆ ಗೆರೆ ಮೂಡಿದ್ದನ್ನು ನೋಡಿ ಒಳಗೋಡಿ ಅತ್ತೆಗೆ ಹೇಳಿದೆ. ಅವರು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ಹೀಗೋ ಎಂಬಂತೆ ಕೇಳಿದರು.

ಆಮೇಲೆ ಶುರುವಾಯಿತು. ಮೊದಲ ಕಾಯಿ ನಿಂಬೆಯಷ್ಟಾಗುವ ಹೊತ್ತಿಗೆ ತಳದಲ್ಲಿ ನೀರು ಜಿನುಗಿದಂಥ ಕಲೆ. ಮರುದಿನ ಅದು ಕಂದು, ಆಮೇಲೆ ಕಪ್ಪು. ಚಪ್ಪಟೆಯಾಗಿ, ಚರ್ಮದ ಚಪ್ಪಲಿಯ ತಳದಂತೆ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಕೆಳಗಿನ ಎಲೆ ಹಳದಿ ತಿರುಗಿದವು, ಮೇಲಿನವು ಒಳಗೆ ಮುದುಡಿದವು. ಒಂದು ಗಿಡ ಮಧ್ಯಾಹ್ನ ತಲೆ ಬಾಗಿಸಿದ್ದು ಸಂಜೆಯಾದರೂ ಎತ್ತಲಿಲ್ಲ.

ಖಾಲಾ ಗೋಡೆಯ ಮೇಲಿಂದ ಇಣುಕಿ, "ನಜರ್ ಆಗ್ಯಾದ ಬೇಟಾ. ಓಣಿ ಮಂದಿ ಎಲ್ಲಾ ನೋಡಿ ನೋಡಿ ಹೋಗ್ತಾರ," ಎಂದು ಕಪ್ಪು ದಾರ ಕಟ್ಟಿಸಿದರು. ಮರುದಿನ ತತ್ತಿಯ ಸಿಪ್ಪೆ ಪುಡಿ ಮಾಡಿ ಕಾಗದದಲ್ಲಿ ಕಟ್ಟಿ ತಂದರು. ಅಷ್ಟು ದಿನ ಸುಮ್ಮನಿದ್ದ ಅತ್ತೆ ಒಳಗಿನಿಂದಲೇ ದನಿ ಎತ್ತಿದರು: "ಆ ಗಿಡಕ್ಕ ಮಾತ್ರ ತತ್ತಿ ಸಿಪ್ಪಿ ಹಾಕಬ್ಯಾಡ್ರೆವ್ವ!" ನಮ್ಮದು ಲಿಂಗ ಕಟ್ಟಿದವರ ಮನೆ, ಅದಕ್ಕೇ ಇರಬೇಕು ಎಂದುಕೊಂಡೆ. ಖಾಲಾ ಪುಡಿಯನ್ನು ತಮ್ಮ ಗುಲಾಬಿಗೆ ಹಾಕಿಕೊಂಡರು. ಗೊಬ್ಬರದ ಅಂಗಡಿಯವನು ಕಪ್ಪಾದ ಕಾಯಿ ನೋಡಿ, "ಸುಣ್ಣದ ಅಂಶ ಕಮ್ಮಿ ಆಗ್ಯಾದ, ಮೇಡಮ್ಮೋರ," ಎಂದು ಬಾಟಲಿ ಕೊಟ್ಟ. ಪಕ್ಕದಲ್ಲಿ ನಿಂತಿದ್ದ ರೈತರೊಬ್ಬರು, "ಸುಣ್ಣ ಅಲ್ಲ, ನೀರ್ ಹೆಚ್ಚ್ಯಾಗ್ಯಾದ," ಎಂದರು. ಮತ್ತೊಬ್ಬರು, "ಹೆಚ್ಚಲ್ಲ, ಕಮ್ಮಿ," ಎಂದರು. ಇಬ್ಬರೂ ಅಲ್ಲೇ ವಾದಕ್ಕೆ ನಿಂತರು. ನಾನು ಬಾಟಲಿ ಹಿಡಿದುಕೊಂಡು ಮನೆಗೆ ಬಂದೆ.

ಬಾಟಲಿಯ ಔಷಧ ಸಿಂಪಡಿಸಿದೆ. ಬೂದಿ ಹಾಕಿದೆ. ಹುಳಿ ಮಜ್ಜಿಗೆ ಚಿಮುಕಿಸಿದೆ. ಹಳೇ ಛತ್ರಿ ಕಟ್ಟಿ ನೆರಳು ಮಾಡಿದೆ, ಬಿಸಿಲು ಸಾಲದೇನೋ ಎಂದು ಮರುದಿನ ಬಿಚ್ಚಿದೆ. ತಲೆ ಬಾಗಿಸಿದ್ದ ಗಿಡ ಸತ್ತೇಹೋಯಿತು. ಕಿತ್ತು ನೋಡಿದರೆ ಬೇರು ಮೆತ್ತಗೆ, ನೆನೆದ ದಾರದಂತೆ. ಮಣ್ಣು ಕೈಗೆ ಹಸಿ ಹತ್ತಿತು. ನಾನು ಹಾಕುವುದು ಒಂದು ತಂಬಿಗೆ. ಈ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ಆರಬೇಕು. ಮತ್ತೆ ಈ ಬುಡ ಆರುವುದೇ ಇಲ್ಲವಲ್ಲ, ಯಾಕೆ? ಎರಡು ದಿನ ನೀರು ಹಾಕುವುದನ್ನು ಬಿಟ್ಟೇ ನೋಡಿದೆ. ಆದರೂ ಹಸಿ. ತಲೆ ಕೆಟ್ಟು ಹೋಯಿತು.

"ಖಾಲಾನ ಬಚ್ಚಲ ಪೈಪ್ ಒಡದಿರಬೇಕು," ಎಂದರು ನಮ್ಮ ಮನೆಯವರು. ಇವರು ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ನೀರಿನ ವಿಷಯ ಬಂದರೆ ಸ್ವಲ್ಪ ಎದೆ ಮುಂದೆ ಬರುತ್ತದೆ. "ನಾ ಹೇಳಿದ್ನಿಲ್ಲ, ಇದು ಸೀಪೇಜ್."

"ಅವರ ಬಚ್ಚಲ ಇರೋದು ಆ ಕಡಿಗ್ರಿ. ನೀರು ಮನಿ ಸುತ್ತ ಹಾಕಿ ಬರ್ತದೇನು?"

"ನೀರಿಗೆ ದಾರಿ ಯಾರ್ ಹೇಳ್ಯಾರ?" ಎಂದು ಇವರು ಸೈಕಲ್ ಏರಿ ಹೋದರು.

ಅತ್ತೆ ಆಗಲೂ ಎರಡು ತುತ್ತಿನವರೇ. ದಿನಾ ಕೇಳುತ್ತಿದ್ದರು: "ಹಣ್ಣಾತೇನು?" ಕಪ್ಪಾದವನ್ನು ಅವರಿಗೆ ತೋರಿಸದೆ ತಿಪ್ಪೆಗೆ ಹಾಕಿ ಬಂದು, "ಆಗ್ತದ್ರಿ ಅತ್ತಿ, ಇನ್ನ ಹಸರದಾವ," ಎನ್ನುತ್ತಿದ್ದೆ. ಎಳ್ಳ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಒಂದಾದರೂ ಹಣ್ಣು ಅವರ ಬಾಯಿಗೆ ಬೀಳದಿದ್ದರೆ ಆಸೆಯನ್ನೂ ಮುಚ್ಚಿಟ್ಟು ಮತ್ತೆ ಗೋಡೆಗೆ ತಿರುಗುತ್ತಾರೆ ಎಂದು ನನಗೆ ಒಳಗೊಳಗೇ ಭಯ.

ಒಂದು ದಿನ ಹಿತ್ತಲ ಕಟ್ಟೆಯ ಮರೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ನಾನು ಅಂಗಡಿಗೆ ಹೋಗಿದ್ದೇನೆಂದೇ ಮನೆಯಲ್ಲಿ ತಿಳಿದಿತ್ತು, ದಾರಿಯಲ್ಲಿ ಅಂಗಡಿ ಮುಚ್ಚಿದ್ದನ್ನು ನೋಡಿ ಹಿತ್ತಲ ಬಾಗಿಲಿನಿಂದ ಬಂದಿದ್ದೆ. ಮನೆಯ ಬಾಗಿಲಲ್ಲಿ ಏನೋ ಸರಿದಂತಾಯಿತು. ನೋಡಿದರೆ ಅತ್ತೆ! ಒಂದು ಕೈ ಗೋಡೆಗೆ, ಒಂದು ಕೈಯಲ್ಲಿ ತಾಮ್ರದ ಬಟ್ಟಲು. ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಉಸಿರು ತೆಗೆದುಕೊಳ್ಳುವುದು, ಮತ್ತೊಂದು ಹೆಜ್ಜೆ. ಬೆಳಗಿನ ಲಿಂಗಪೂಜೆಯ ನೀರು ಅದು. ಯಾರ ಕಾಲಿಗೂ ತುಳಿಯಲು ಸಿಗದಂತೆ ಗಿಡದ ಬುಡಕ್ಕೇ ಸುರಿಯಬೇಕೆನ್ನುವುದು ಅವರ ನೇಮ. ಮೊದಲು ನಾನೇ ಒಯ್ದು ಆಚೆ ತುದಿಯ ಕರಿಬೇವಿಗೆ ಹಾಕುತ್ತಿದ್ದೆ. ಕೆಲ ದಿನಗಳಿಂದ ಬಟ್ಟಲು ಖಾಲಿ ಇರುತ್ತಿತ್ತು, ಮಗನ ಕೈಯಲ್ಲಿ ಕೊಟ್ಟಿರಬೇಕು ಎಂದುಕೊಂಡಿದ್ದೆ. ಒಬ್ಬರೇ ಎದ್ದರೆ ನಾನು ಬೈಯುತ್ತೇನೆಂದು ನನ್ನ ಕಣ್ಣು ತಪ್ಪಿಸಿ ಹೊರಟಿದ್ದಾರೆ. ತತ್ತಿ ಸಿಪ್ಪೆ ಬೇಡವೆಂದು ದನಿ ಎತ್ತಿದ್ದೂ ಈ ನೀರಿಗಾಗಿಯೇ. ಟೊಮ್ಯಾಟೊ ಬುಡಕ್ಕೆ ನೀರು ಸುರಿದು, ಒಂದು ಎಲೆಯನ್ನು ಮಗುವಿನ ಕಿವಿಯಂತೆ ಹಿಡಿದು ನೋಡಿ, ಅತ್ತೆ ಹಾಗೇ ಗೋಡೆ ಹಿಡಿದು ಒಳಗೆ ಹೋದರು.

ಮೊರ ಎತ್ತಿಕೊಳ್ಳಬೇಕೆನ್ನುವಷ್ಟರಲ್ಲಿ ಗೋಡೆಯಾಚೆಯಿಂದ ಬಳೆ ಸದ್ದು. ಒಂದು ಕೈ ಮೇಲೆ ಬಂತು, ಆ ಕೈಯಲ್ಲಿ ಕಬ್ಬಿಣದ ತಸಲೆ. ನಮಾಜಿಗೆ ಮುಂಚೆ ಬಾಯಿ, ಮುಖ, ಕೈ, ಕಾಲು ತೊಳೆದ ನೀರನ್ನು ಖಾಲಾ ಗಟಾರಕ್ಕೆ ಬಿಡದೆ ತಸಲೆಯಲ್ಲಿ ಹಿಡಿದು ಇಡುತ್ತಿದ್ದುದು ನನಗೆ ಗೊತ್ತಿತ್ತು. ಗುಲಾಬಿಗೆ ಹಾಕುತ್ತಾರೆಂದುಕೊಂಡಿದ್ದೆ. ಬಿಸ್ಮಿಲ್ಲಾ ಎಂದು ಮೆಲ್ಲಗೆ ಹೇಳುತ್ತ ಎಲ್ಲವನ್ನೂ ನಮ್ಮ ಟೊಮ್ಯಾಟೊಗೆ ಬಗ್ಗಿಸಿದರು. ದಿನಕ್ಕೆ ಐದು ಹೊತ್ತಿನ ನಮಾಜು!

"ಖಾಲಾ!" ಎಂದೆ.

ತಸಲೆ ಫರ್ಸಿಯ ಮೇಲೆ ಬಿತ್ತು. "ಯಾ ಅಲ್ಲಾ! ಅಲ್ಲಿ ಕುಂತು ಏನ್ ಮಾಡಾಕತ್ತೀದಿ ನೀ? ಜೀವ ಹೋತು ನಂದು!"

"ನೀವ್ ಏನ್ ಮಾಡಾಕತ್ತೀರಿ?"

ಖಾಲಾ ಗೋಡೆಯ ಮೇಲೆ ಗದ್ದ ಊರಿ ದನಿ ಇಳಿಸಿದರು. "ಶಾಂತವ್ವಕ್ಕ ಎದ್ದು ಕೂಡಲಿ ಅಂತ ಒಂದ್ ದುವಾ ಮಾಡಿ ಹಾಕ್ತೀನಿ. ಇದನ್ನ ಯಾರಿಗೂ ಹೇಳಬಾರ್ದು. ಹೇಳಿದ್ರ ದುವಾ ಹತ್ತಂಗಿಲ್ಲ. ಈಗ ನೀ ಕೇಳಿ ಕೆಡಿಸಿದಿ ನೋಡು."

ಅವತ್ತೇ ಸಂಜೆ ಓಣಿಯಲ್ಲಿ "ನಳ ಬಂತು!" ಎಂಬ ಕೂಗು. ಹೊಸ ನೀರು ಬಂತೆಂದರೆ ಡ್ರಮ್ಮಿನ ತಳದ ಹಳೇ ನೀರು ಚೆಲ್ಲುವುದು ಎಲ್ಲರ ಮನೆಯ ರೂಢಿ. ನಮ್ಮ ಮನೆಯವರು ಬಕೆಟ್ ತುಂಬಿಕೊಂಡು ಸೀದಾ ಗೋಡೆಯ ಕಡೆ ನಡೆದರು, ಒಂದಾದ ಮೇಲೊಂದು. ನಾನು ಬಾಗಿಲಲ್ಲಿ ನಿಂತು ನೋಡಿದೆ.

"ಇದೇನ್ರಿ?"

"ಪಾಪ, ನೀ ಒಂದೇ ತಂಬಗಿ ಹಾಕ್ತಿ. ಕಾಲುವಿ ಆಫೀಸ್ನವರ ಮನ್ಯಾಗ ಗಿಡ ಒಣಗಿದ್ರ ಮಂದಿ ಏನಂತಾರ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುಡಿಯುವ ನೀರಿಗೆ ಕೊಡ ಹಿಡಿದು ಕಾಯುವ ಊರಿನಲ್ಲಿ, ಎರಡು ಟೊಮ್ಯಾಟೊ ಗಿಡ ಮುಳುಗಿ ಸಾಯುತ್ತಿದ್ದವು.

"ಮತ್ತೇನದ? ಅವ್ವಗ ಹೇಳಿಬಿಡು, ಹಾಕಬ್ಯಾಡ ಅಂತ," ಎಂದರು ಇವರು, ಎಲ್ಲ ಕೇಳಿದ ಮೇಲೆ.

"ಹೇಳಿದ್ರ ನಾಳಿಂದ ನಡ್ಯಾದು ಬಿಡ್ತಾರ್ರಿ."

ಇವರು ಬಕೆಟ್ ಕೆಳಗಿಟ್ಟರು. ಬಕೆಟ್ ನಿಲ್ಲಿಸಬಹುದು, ಖಾಲಾನ ದುವಾವನ್ನು, ಅತ್ತೆಯ ಬಟ್ಟಲನ್ನು ಬೇಡ ಎನ್ನುವುದು ಹೇಗೆ? ಡಾಕ್ಟರು, ನಾನು, ಇವರು ಎಷ್ಟು ಗೋಗರೆದರೂ ಕಾಲು ಕೆಳಗಿಡದವರು ಆ ಬಟ್ಟಲಿಗಾಗಿ ಬೆಳಿಗ್ಗೆ, ಸಂಜೆ ಎರಡು ಸಲ ನಡೆಯುತ್ತಿದ್ದರು. ಆ ನೀರು ನಿಲ್ಲಿಸಿದರೆ ಗಿಡ ಉಳಿಯಬಹುದು, ನಡೆಯುವುದು ನಿಲ್ಲುತ್ತದೆ. ನಡೆಯಲು ಬಿಟ್ಟರೆ ಗಿಡ ಸಾಯುತ್ತದೆ, ಉಣ್ಣುವ ಆಸೆ ನಿಲ್ಲುತ್ತದೆ. ಡಾಕ್ಟರು ಹೇಳಿದ ಎರಡು ಮಾತು ಒಂದೇ ಬುಡದಲ್ಲಿ ಬಂದು ಜಗಳಕ್ಕೆ ಬಿದ್ದಿದ್ದವು. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ? ಆ ವಾರವೆಲ್ಲ ರೊಟ್ಟಿ ಬಡಿಯುತ್ತ ಅದನ್ನೇ ಯೋಚಿಸಿ ಎರಡು ಸಲ ಹಂಚಿನ ಮೇಲೆ ರೊಟ್ಟಿ ಸೀಯಿಸಿದೆ.

ಭಾನುವಾರ ಬೆಳಿಗ್ಗೆ ಇವರು ಲುಂಗಿ ಎತ್ತಿ ಕಟ್ಟಿ ಕೈಗುದ್ದಲಿ ಹಿಡಿದು ಗೋಡೆಯ ಬುಡದಲ್ಲಿ ಕೂತಿದ್ದರು. ಸರ್ವಿಸೆಲ್ಲ ಕಾಲುವೆ ಆಫೀಸಿನಲ್ಲೇ ಕಳೆದರೂ ಮನುಷ್ಯ ಸ್ವಂತ ಕೈಯಿಂದ ತೋಡಿದ ಮೊದಲ ಕಾಲುವೆ ಅದು. ಎರಡು ಗಿಡದ ಸುತ್ತ ಮಣ್ಣು ಏರಿಸಿ, ನೀರು ಬಿದ್ದದ್ದು ನಿಲ್ಲದಂತೆ ಗೋಡೆಯ ಗುಂಟ ಇಳಿಜಾರು ಮಾಡಿ, ಆಚೆ ತುದಿಯ ಕರಿಬೇವಿನವರೆಗೆ ಒಯ್ದರು.

ಬಟ್ಟಲು ಹಿಡಿದು ಬಾಗಿಲಿಗೆ ಬಂದ ಅತ್ತೆ ಅಲ್ಲೇ ನಿಂತರು. ಕದ್ದು ನಡೆಯುವುದು ಬಯಲಾದದ್ದಕ್ಕೆ ಅವರ ಮುಖ ಸಣ್ಣದಾಯಿತು. ನಾನು ಕಾಣದವಳಂತೆ ಪಾತ್ರೆ ತಿಕ್ಕುತ್ತ ಕೂತೆ.

"ಏನ್ ತೋಡಾಕತ್ತೀದೋ?"

"ಕಾಲುವಿ, ಅವ್ವ. ನಿನ್ನ ನೀರು ಟೊಮ್ಯಾಟಿಗೆ ಬಿದ್ದು ಕರಿಬೇವಿಗೂ ಮುಟ್ಟಲಿ ಅಂತ. ಅದು ಟೇಲ್ ಎಂಡ್, ಕಾಲುವಿ ಕಡೀ ತುದಿ."

"ಲಿಂಗದ ನೀರದು. ಯಾರರ ಕಾಲಿಟ್ರ?"

"ಮ್ಯಾಲ ಫರ್ಸಿ ಮುಚ್ಚತೀನಿ."

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಕಲ್ಲು ಮುಚ್ಚುವಾಗ ಗೋಡೆ ಹಿಡಿದು ಆ ತುದಿಯವರೆಗೂ ನಡೆದು, ಸಂದಿ ಬಿಟ್ಟಲ್ಲೆಲ್ಲ ಬೆರಳು ತೋರಿಸಿದರು. ಗೋಡೆಯಾಚೆಯಿಂದ ಖಾಲಾ, "ಹೌ, ಹಂಗೇ ಮಾಡು. ಅಕ್ಕ, ಸಾಬರ ನೀರೂ ಅದ್ರಾಗೇ ಹರೀತದ, ನಡೀತದೇನು?" ಎಂದರು.

"ನಿನ್ನ ನೀರಿನಾಗ ನಿನ್ನ ಬಾಯಿ ತೊಳದ ನೀರೂ ಅದ ಅಲ್ಲ, ಅದ್ಕ ಹೆದರಿಕಿ," ಎಂದರು ಅತ್ತೆ. ಜ್ವರ ಬಂದ ಮೇಲೆ ಅವರು ಒಬ್ಬರನ್ನು ಕಿಚಾಯಿಸಿದ್ದು ಅದೇ ಮೊದಲು. ಖಾಲಾ ನಕ್ಕ ನಗು ಓಣಿಗೆ ಕೇಳಿತು.

ನಾನು ನನ್ನ ತಂಬಿಗೆಯನ್ನು ನಿಲ್ಲಿಸಿದೆ. ಅದೇ ವಾರ ಥಂಡಿ ಬಿತ್ತು. ಗಿಡಗಳು ಹೊಸ ಚಿಗುರು ತೆಗೆದವು. ಮುಂದಿನ ಕಾಯಿಗಳ ತಳ ಹಸಿರಾಗಿಯೇ ಉಳಿಯಿತು. ಕಾಲುವೆಯಿಂದಲೋ, ಥಂಡಿಯಿಂದಲೋ, ಅಂಗಡಿಯ ಬಾಟಲಿ ತಡವಾಗಿ ಹತ್ತಿತೋ, ಕಪ್ಪು ದಾರವೋ? ಮೊದಲ ಪೀಕದ ಕಾಯಿ ಹಾಗೇ ಕೆಡುತ್ತವೆ, ಆಮೇಲೆ ತಾವೇ ಸರಿಯಾಗುತ್ತವೆ ಎಂದು ಅಂಗಡಿಯವನು ಆಮೇಲೆ ಹೇಳಿದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರ ಬಾಟ್ಲಿ ಒಯ್ತಿದ್ರೇನ್ರಿ?" ಎಂದು ನಕ್ಕ.

ಎಳ್ಳ ಅಮಾವಾಸ್ಯೆಯ ದಿನ ಊರೆಲ್ಲ ಹೊಲಕ್ಕೆ ಹೋಗಿತ್ತು. ನಮಗೆ ಅಲ್ಲಿ ಹೊಲ ಎಲ್ಲಿಯದು? ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಮಾಡಿ ಇಟ್ಟೆ. ಭೂಮಿತಾಯಿಗೆ ಎಡೆ ಚೆಲ್ಲುವ ಚರಗವನ್ನು ಅತ್ತೆ ಆ ಒಂದು ಪಟ್ಟಿ ಎರೆಮಣ್ಣಿಗೇ ಚೆಲ್ಲಿದರು. ಟೊಮ್ಯಾಟೊದಿಂದ ಕರಿಬೇವಿನವರೆಗೆ, ಗೋಡೆ ಹಿಡಿಯದೆ. ಆಮೇಲೆ ತಾವೇ ಬಗ್ಗಿ ಹಣ್ಣು ಹರಿದರು. ಗೆರೆ ಗೆರೆಯ, ಹೆಗಲು ಇನ್ನೂ ಹಸಿರಾದ ಹಣ್ಣು. ಕಲ್ಲಿನಲ್ಲಿ ಹಿಂಡಿ ಕುಟ್ಟಿದೆ. ಖಾಲಾನನ್ನೂ ಕರೆದೆವು.

ನಾಲ್ವರೂ ಅತ್ತೆಯ ಬಾಯಿಯನ್ನೇ ನೋಡಿದೆವು. ಅಂದರೆ ಮೂವರು, ನಾಲ್ಕನೆಯವರು ಅವರೇ. ರೊಟ್ಟಿಗೆ ಹಚ್ಚಿ ಇಟ್ಟುಕೊಂಡರು, ನಿಧಾನ ಅಗಿದರು.

"ಅದಲ್ಲವ್ವ ಇದು," ಎಂದರು.

ಖಾಲಾ ಒಂದು ತುತ್ತು ಹಾಕಿಕೊಂಡು, ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿ, "ಅರೆ ಅಕ್ಕ! ಇಷ್ಟ್ ಹುಳಿ, ಇದು ಅದೇ!" ಎಂದರು. ಇವರು, "ನನಗೇನೋ ಸಂತೀದೇ ಅನಸ್ತದ," ಎಂದರು. ನಾನು ತಿಂದೆ. ಹುಳಿ ಇತ್ತು, ಗಂಧವಿತ್ತು, ಆದರೆ ಕೊಂಕಲ್ಲಿನ ಹಣ್ಣನ್ನು ನಾನು ಯಾವತ್ತೂ ತಿಂದವಳಲ್ಲ. ಬೀಜ ಕೆಟ್ಟು ಬೇರೆಯಾಗಿತ್ತೋ, ಶಹಾಪುರದ ಮಣ್ಣು ಬೇರೆ ಮಾಡಿತೋ, ಅಥವಾ ಜ್ವರ ಒಯ್ದ ನಾಲಿಗೆ ಇನ್ನೂ ತಿರುಗಿ ಬಂದಿರಲಿಲ್ಲವೋ? ಯಾರನ್ನು ಕೇಳಲಿ?

ತಾಟು ಎತ್ತಲು ಹೋದೆ. ಅತ್ತೆ ಕೈ ಅಡ್ಡ ಇಟ್ಟರು. "ತಡಿ." ಹಾಗೇ ತಿಂದರು. ಅರ್ಧ ರೊಟ್ಟಿಯಾಯಿತು, ಪೂರ್ತಿಯಾಯಿತು. ಬೆರಳಿನಿಂದ ತಾಟು ಬಳಿದರು. ಆಮೇಲೆ ಉಳಿಸಿದ್ದ ಒಂದು ಹಣ್ಣನ್ನು ಅಂಗೈಯಲ್ಲಿ ಹಿಂಡಿ, "ಒಂದ್ ಹಳೀ ಸೀರಿ ತುಂಡು ತಾ. ಒಂದ್ ಹಿಡಿ ಬೂದಿ," ಎಂದರು.

"ಅದಲ್ಲ ಅಂದ್ರಲ್ಲ ಅತ್ತಿ? ಮತ್ಯಾಕ ಬೀಜ ಹಿಡೀತೀರಿ?"

"ಬರೋ ವರ್ಷ ತಿಂದು ನೋಡಿದ್ರ ಖರೆ ಗೊತ್ತಾಗ್ತದ."

ಬರುವ ವರ್ಷ ಎಂದರು. ಹಾಸಿಗೆಯಲ್ಲಿ ಗೋಡೆ ನೋಡುತ್ತಿದ್ದವರು. ನಾನು ಒಲೆಯ ಹತ್ತಿರ ಹೋಗಿ ಒಂದಲ್ಲ, ಎರಡು ಹಿಡಿ ಬೂದಿ ತಂದೆ.

ಮದುವೆಯ ದಿನ ಹೊರಡುವಾಗ ಖಾಲಾ ನನ್ನ ಸೆರಗು ಹಿಡಿದಿದ್ದ ಆ ಗಿಡದಿಂದ ಎರಡು ಹಣ್ಣು ಹರಿದು ನನ್ನ ಕರ್ಚೀಫಿನಲ್ಲಿ ಕಟ್ಟಿದ್ದರು. ನಾವು ಬಿಟ್ಟು ಬಂದ ಬೀಜ ಗೋಡೆ ದಾಟಿ ಅಲ್ಲಿ ತಾನೇ ಎದ್ದಿತ್ತೋ, ಅವರೇ ಹಾಕಿದ್ದೋ, ಅವರಿಗೂ ನೆನಪಿಲ್ಲ.

ಯಾದಗಿರಿಯ ಮನೆಗೆ ಬಂದಾಗ ಅತ್ತೆ ಬಾಗಿಲ ಕಟ್ಟೆಯ ಮೇಲೆ ಕೂತು ದಾರಿ ಹೋಕರನ್ನು ಮಾತಾಡಿಸುತ್ತಿದ್ದರು. ಈಗ ಕೋಲು ಬೇಕು, ದನಿ ಮಾತ್ರ ಮೊದಲಿನದೇ. ಹಣ್ಣು ಕೊಟ್ಟೆ. ತಿರುಗಿಸಿ ಗೆರೆ ನೋಡಿದರು, ತಳ ನೋಡಿದರು, ಸೆರಗಿಗೆ ಒರೆಸಿ ಕಡಿದರು. ಹುಳಿಗೆ ಒಂದು ಕಣ್ಣು ತಾನೇ ಮುಚ್ಚಿತು.

ನಾನು ಕಾದೆ.

"ಇದೂ ಅಲ್ಲ," ಎಂದರು ಅತ್ತೆ. ಮುಚ್ಚಿದ ಕಣ್ಣು ಇನ್ನೂ ತೆರೆದಿರಲಿಲ್ಲ, ಕೈ ಆಗಲೇ ಬಟ್ಟೆಯ ತುಂಡಿಗಾಗಿ ಚಾಚಿತ್ತು.